ಹತ್ತು ಗಂಟೆಯ ಟೂರ್ ನಿಲ್ಲಿಸಿದ್ದೇವೆ, ಯಾಕೆ ಅಂತ ಹೇಳುತ್ತೇವೆ

ಪ್ರೀತಿಯ ಗ್ರಾಹಕರಿಗೆ ಮಲ್ಪೆಯಿಂದ ನಮಸ್ಕಾರ,

ಮಳೆಗಾಲ ಮುಗಿದು ದ್ವೀಪಕ್ಕೆ ಬೋಟು ಶುರುವಾಗಿದೆ. ಫೋನ್ ಮಾಡಿದವರೆಲ್ಲ ಮೊದಲು ಕೇಳುವುದು ಒಂದೇ ಮಾತು: "ಭಾನುವಾರ ಹತ್ತು ಗಂಟೆಗೆ ಇದೆ ಅಲ್ವಾ?" ಇಲ್ಲ, ಈ ಸಲದಿಂದ ಅದು ಇಲ್ಲ. ಸೇಂಟ್ ಮೇರೀಸ್ ದ್ವೀಪಕ್ಕೆ ಗೈಡ್ ಜೊತೆ ನಾವು ಮಾಡಿಸುವ ಟೂರ್ ಇನ್ನು ಮುಂದೆ ಸಮುದ್ರದ ನೀರು ಇಳಿಯುವ ಹೊತ್ತು ನೋಡಿಕೊಂಡು ಹೊರಡುತ್ತದೆ. ಒಂದು ದಿನ ಬೆಳಿಗ್ಗೆ ಒಂಬತ್ತೂವರೆ ಇರಬಹುದು, ಇನ್ನೊಂದು ದಿನ ಮಧ್ಯಾಹ್ನ ಒಂದು ಗಂಟೆ. ಕೆಲವು ದಿನ ಟೂರೇ ಇರುವುದಿಲ್ಲ. ವರ್ಷಗಳಿಂದ ಬರುತ್ತಿರುವ ನಿಮಗೆ ಇದರಿಂದ ತೊಂದರೆಯಾಗುತ್ತದೆ ಅಂತ ಗೊತ್ತು. ಅದಕ್ಕೇ ಸುಮ್ನೆ ಒಂದು ಮೆಸೇಜ್ ಹಾಕಿ ಬಿಡದೆ ಈ ಪತ್ರ ಬರೆಯುತ್ತಿದ್ದೇವೆ.

ಹೋದ ಜನವರಿಯಲ್ಲಿ ದಾವಣಗೆರೆಯಿಂದ ಒಂದು ಕುಟುಂಬ ಬಂದಿತ್ತು, ಹನ್ನೊಂದು ಜನ. ಯಾವತ್ತಿನ ಹಾಗೆ ಹತ್ತು ಗಂಟೆಗೆ ಹೊರಟೆವು. ಆವತ್ತು ಆ ಹೊತ್ತಿಗೆ ನೀರು ಏರುತ್ತಿತ್ತು. ನಮಗೆ ಅದು ಗೊತ್ತಿತ್ತು, ಗೊತ್ತಿದ್ದೂ ಹೊರಟೆವು, ಯಾಕೆಂದರೆ ಹಣ ತೆಗೆದುಕೊಂಡಾಗಿತ್ತು ಮತ್ತು ಅವರಿಗೆ ಸಂಜೆ ಶೃಂಗೇರಿ ಮುಟ್ಟಬೇಕಿತ್ತು. ಈ ದ್ವೀಪ ನೋಡಲು ಬರುವುದೇ ಲಾವಾದಿಂದ ಆದ ಮೂಲೆ ಮೂಲೆಯ ಕಲ್ಲಿನ ಕಂಬಗಳಿಗಾಗಿ. ಎತ್ತರದ ಕಂಬಗಳೇನೋ ಕಾಣುತ್ತಿದ್ದವು. ಆದರೆ ದಡದ ಅಂಚಿನಲ್ಲಿ ಜೋಡಿಸಿಟ್ಟ ಹಾಗಿರುವ ಕಂಬದ ತಲೆಗಳು, ಅಂದರೆ ನಾವು ಮುಖ್ಯವಾಗಿ ತೋರಿಸಬೇಕಾದ ಜಾಗ, ಅಲೆಯ ಕೆಳಗಿತ್ತು. ಅಜ್ಜ ನಿಂತು ನೋಡಿ "ಆರು ಮೂಲೆ ಅಂದ್ರಲ್ಲ, ಎಲ್ಲಿದೆ?" ಅಂತ ಕೇಳಿದರು. ತೋರಿಸೋಣ ಅಂತ ನಮ್ಮ ಗೈಡ್ ಎಲ್ಲರನ್ನೂ ಸ್ವಲ್ಪ ಕೆಳಗೆ ಕರೆದುಕೊಂಡು ಹೋದ. ಅಷ್ಟರಲ್ಲಿ ಒಂಬತ್ತು ವರ್ಷದ ಹುಡುಗ ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರಿದ. ಕಲ್ಲಿಗೆ ಅಂಟಿಕೊಂಡ ಚಿಪ್ಪು ಬ್ಲೇಡಿನಷ್ಟು ಚೂಪಾಗಿರುತ್ತದೆ. ಮೊಣಕಾಲಿಗೆ ಮೂರು ಹೊಲಿಗೆ ಬಿತ್ತು. ಅವರ ಮನೆಯವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ತಪ್ಪು ಮಾತ್ರ ನಮ್ಮದೇ. ಆವತ್ತು ರಾತ್ರಿ ನಾವು ನಾಲ್ಕೂ ಜನ ಕೂತು ಮಾತಾಡಿದ್ದರಿಂದಲೇ ಈ ಬದಲಾವಣೆ ಬಂದದ್ದು.

ನೀರು ಇಳಿದಾಗ ಏನು ಕಾಣುತ್ತದೆ ಅಂತ ಹೇಳಿದರೆ ನಮ್ಮ ಹಠ ಅರ್ಥವಾಗಬಹುದು. ಬೇಸಿಗೆಯಲ್ಲಿ ಕೆರೆ ಬತ್ತಿದ ಮೇಲೆ ತಳದ ಕೆಸರು ಬಿರುಕು ಬಿಡುವುದನ್ನು ನೋಡಿರುತ್ತೀರಿ. ಜ್ವಾಲಾಮುಖಿಯಿಂದ ಉಕ್ಕಿದ ಲಾವಾ ಬಿಸಿ ಆರುವಾಗಲೂ ಹೆಚ್ಚುಕಡಿಮೆ ಹಾಗೇ ಆಗುತ್ತದೆ. ಆರುತ್ತಾ ಕುಗ್ಗುತ್ತದೆ, ಕುಗ್ಗುತ್ತಾ ಸೀಳುತ್ತದೆ, ಆ ಸೀಳು ನಿಧಾನಕ್ಕೆ ಒಳಗಿಳಿಯುತ್ತಾ ಹೋಗಿ ಇಡೀ ಬಂಡೆ ಕಂಬ ಕಂಬವಾಗಿ ಬೇರೆಯಾಗುತ್ತದೆ. ಎಲ್ಲ ಕಡೆ ಸಮನಾಗಿ ಕುಗ್ಗಿದ ಕಡೆ ಆರು ಮೂಲೆ, ಜೇನುಗೂಡಿನ ಹಾಗೆ. ಎಲ್ಲ ಕಡೆ ಸಮನಾಗಿ ಆರುವುದಿಲ್ಲವಲ್ಲ, ಅದಕ್ಕೆ ಐದು ಮೂಲೆಯವೂ ಏಳು ಮೂಲೆಯವೂ ನಡುವೆ ಸೇರಿಕೊಂಡಿರುತ್ತವೆ. ಇಳಿತದ ಹೊತ್ತಿಗೆ ಹೋದರೆ ಮಕ್ಕಳು ಕೂತು ಬೆರಳಿಟ್ಟು ಎಣಿಸಬಹುದು. ತಗ್ಗಿರುವ ಒಂದೊಂದು ತಲೆಯ ಮೇಲೂ ಅಂಗೈಯಷ್ಟು ನೀರು ನಿಂತಿರುತ್ತದೆ, ಸುತ್ತ ಬಿಳಿ ಉಪ್ಪಿನ ಗೆರೆ, ಒಳಗೆ ಕೆಲವೊಮ್ಮೆ ಉಗುರಿನಷ್ಟು ದೊಡ್ಡ ಏಡಿ. ನಾವು ಇದನ್ನು ನೂರಾರು ಸಲ ನೋಡಿದ್ದೇವೆ, ಈಗಲೂ ಬಗ್ಗಿ ನೋಡದೆ ಮುಂದೆ ಹೋಗಲು ಆಗುವುದಿಲ್ಲ.

ಇನ್ನೊಂದು ತಪ್ಪನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇವೆ. ನಮ್ಮ ಹಳೆಯ ಕರಪತ್ರದಲ್ಲಿ ಇದು "ಬಸಾಲ್ಟ್ ಕಲ್ಲು, ದಖ್ಖನ್ ಲಾವಾದ ಭಾಗ" ಅಂತ ಅಚ್ಚಾಗಿತ್ತು. ಟೂರಿಗೆ ಬಂದಿದ್ದ ಭೂವಿಜ್ಞಾನದ ಮೇಷ್ಟ್ರೊಬ್ಬರು ಅದನ್ನು ಓದಿ, ನಮ್ಮನ್ನು ಪಕ್ಕಕ್ಕೆ ಕರೆದು ತಿದ್ದಿದರು. ಇದು ಹೆಚ್ಚಾಗಿ ರಯೋಲೈಟ್ ಜಾತಿಯ ಕಲ್ಲು, ಸಿಲಿಕಾ, ಅಂದರೆ ಮರಳಿನಲ್ಲಿರುವ ಅಂಶ, ಜಾಸ್ತಿ ಇರುವ ದಪ್ಪ ಲಾವಾದಿಂದ ಆದದ್ದು. ವಯಸ್ಸು ಸುಮಾರು 8.5ರಿಂದ 9 ಕೋಟಿ ವರ್ಷ. ಬೆಳಗಾವಿ, ವಿಜಯಪುರದ ಕಡೆ ಕಾಣುವ ದಖ್ಖನ್ ಕಪ್ಪು ಕಲ್ಲಿನ ವಯಸ್ಸು ಸುಮಾರು 6.6 ಕೋಟಿ ವರ್ಷ, ಅಂದರೆ ಅದು ನಮ್ಮ ದ್ವೀಪದ ಕಲ್ಲಿಗಿಂತ ಬಹಳ ಚಿಕ್ಕದು. ನಮ್ಮ ಲಾವಾ ಉಕ್ಕಿದ್ದು ಭಾರತ ಮತ್ತು ಈಗ ಆಫ್ರಿಕಾದ ಪಕ್ಕ ಇರುವ ಮಡಗಾಸ್ಕರ್ ದ್ವೀಪ ಒಂದರಿಂದೊಂದು ಬೇರೆಯಾಗುತ್ತಿದ್ದ ಕಾಲದಲ್ಲಿ. ಅದೇ ಕಾಲದ ಜ್ವಾಲಾಮುಖಿ ಕಲ್ಲು ಮಡಗಾಸ್ಕರಿನಲ್ಲೂ ಸಿಗುತ್ತದೆ. ಈಗ ನಡುವೆ ಸಾವಿರಾರು ಕಿಲೋಮೀಟರ್ ಸಮುದ್ರ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಸುಮ್ಮನೆ ಘೋಷಿಸಿಲ್ಲ. ಇಷ್ಟು ವರ್ಷ ನಾವು 1498ರಲ್ಲಿ ವಾಸ್ಕೋ ಡ ಗಾಮ ಬಂದು ದ್ವೀಪಕ್ಕೆ ಹೆಸರಿಟ್ಟ ಅನ್ನುವ ಕಥೆಯನ್ನೇ ಕಾಲು ಗಂಟೆ ಹೇಳಿ, ಕಲ್ಲಿನ ವಿಷಯ ಐದು ನಿಮಿಷದಲ್ಲಿ ಮುಗಿಸುತ್ತಿದ್ದೆವು. ಗಾಮನ ಕಥೆ ಬೋಟಿನಲ್ಲೇ ಹೇಳಿ ಮುಗಿಸುತ್ತೇವೆ. ದ್ವೀಪದಲ್ಲಿ ಕಾಲಿಟ್ಟ ಮೇಲೆ ಕಲ್ಲಿನದೇ ಮಾತು.

ಸರಿ, ಈಗ ಹೊತ್ತಿನ ಲೆಕ್ಕ. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಆ ಹೊತ್ತು ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಈ ಭಾನುವಾರ ಹತ್ತೂವರೆಗೆ ನೀರು ಇಳಿದಿದ್ದರೆ ಮುಂದಿನ ಭಾನುವಾರ ಅದೇ ಹೊತ್ತಿಗೆ ಏರಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಜಾಸ್ತಿ ಇಳಿಯುತ್ತದೆ, ಆದರೆ ನಮ್ಮ ಕಡೆ ಆ ದಿನಗಳ ಇಳಿತ ಹೆಚ್ಚಾಗಿ ನಸುಕಿಗೋ ಮುಸ್ಸಂಜೆಗೋ ಬೀಳುತ್ತದೆ, ಆಗ ದ್ವೀಪಕ್ಕೆ ಬೋಟು ಓಡುವುದಿಲ್ಲ. ಅಷ್ಟಮಿ, ನವಮಿಯ ಸುತ್ತಲಿನ ದಿನಗಳು ನಮ್ಮ ಟೂರಿಗೆ ಅನುಕೂಲ. ನಮ್ಮ ತಂಡದ ದೊಡ್ಡಣ್ಣ ಮೂವತ್ತು ವರ್ಷ ಮೀನಿನ ಬೋಟಿನಲ್ಲಿ ಇದ್ದವರು, ಪಂಚಾಂಗದ ತಿಥಿ ನೋಡಿಯೇ ಇವತ್ತು ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆ ಅಂತ ಹೇಳಿಬಿಡುತ್ತಾರೆ. ಆದರೂ ನಾವು ಟೈಡ್ ಟೇಬಲ್, ಅಂದರೆ ನೀರು ಏರಿಳಿಯುವ ಹೊತ್ತಿನ ಪಟ್ಟಿ, ಇಟ್ಟುಕೊಂಡು ತಾಳೆ ನೋಡುತ್ತೇವೆ. ಪ್ರತಿ ತಿಂಗಳ ಕೊನೆಯ ವಾರ ಮುಂದಿನ ತಿಂಗಳ ದಿನ ಮತ್ತು ಹೊತ್ತಿನ ಪಟ್ಟಿ ನಿಮಗೆ ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ. ತಿಂಗಳಿಗೆ ಎರಡು ಭಾನುವಾರ ತಪ್ಪಿದರೂ ತಪ್ಪಬಹುದು. ಭಾನುವಾರವೇ ನಮ್ಮ ಹೊಟ್ಟೆಪಾಡಿನ ದಿನ, ಅದನ್ನು ಬಿಡುವುದು ನಮಗೆ ಸುಲಭ ಇರಲಿಲ್ಲ.

ದರದ ವಿಷಯ ನೇರವಾಗಿ ಹೇಳುತ್ತೇವೆ. ಮೊದಲು ಎರಡು ಮೂರು ಕುಟುಂಬ ಸೇರಿಸಿ ಒಬ್ಬ ಗೈಡ್ ಕೊಡುತ್ತಿದ್ದೆವು. ಇನ್ನು ಒಂದು ಸಲಕ್ಕೆ ಒಂದೇ ಗುಂಪು, ಹೆಚ್ಚೆಂದರೆ ಆರು ಜನ. ಅದಕ್ಕಿಂತ ಜಾಸ್ತಿ ಇದ್ದರೆ ಇನ್ನೊಬ್ಬ ಗೈಡ್ ಬರುತ್ತಾನೆ. ಒಂದೂವರೆ ಗಂಟೆಯ ಟೂರ್ ಮೂರು ಗಂಟೆ ಆಗಿದೆ. ಗುಂಪಿಗೆ 2,400 ರೂ. ಇದ್ದದ್ದು 3,600 ರೂ. ಆಗುತ್ತದೆ, ಬೋಟಿನ ಟಿಕೆಟ್ ಮೊದಲಿನ ಹಾಗೇ ಬೇರೆ. ದಿನ ಕಡಿಮೆಯಾಗಿದೆ, ಗುಂಪು ಚಿಕ್ಕದಾಗಿದೆ, ಗೈಡ್ ಹುಡುಗರ ಸಂಬಳ ಕಡಿಮೆ ಮಾಡಲು ನಮಗೆ ಮನಸ್ಸಿಲ್ಲ. ಶಾಲೆಯ ಮಕ್ಕಳನ್ನು ಕರೆದುಕೊಂಡು ಬರುವ ಮೇಷ್ಟ್ರುಗಳಿಗೆ ಹಳೆಯ ದರವೇ ಇರುತ್ತದೆ. ಈ ಕಲ್ಲನ್ನು ಮಕ್ಕಳು ನೋಡಲೇಬೇಕು ಅಂತ ನಮ್ಮ ಆಸೆ.

ಕಂಬದ ತುದಿ ಹತ್ತಿ ಫೋಟೋ ತೆಗೆಸುವುದನ್ನೂ ನಿಲ್ಲಿಸಿದ್ದೇವೆ. ಪ್ರಿವೆಡ್ಡಿಂಗ್ ಫೋಟೋಗೆ ಅಂತ ಕೇಳಿದವರಿಗೂ ಇಲ್ಲ ಅಂದಿದ್ದೇವೆ, ಬೇಜಾರು ಮಾಡಿಕೊಳ್ಳಬೇಡಿ. ಕಂಬದ ಅಂಚು ಒಂದು ಸಲ ಮುರಿದರೆ ಮುಗಿಯಿತು, ಅದು ಮತ್ತೆ ಬೆಳೆಯುವುದಿಲ್ಲ. ಹೋದ ವರ್ಷ ಒಬ್ಬರು ಕಲ್ಲಿನ ಮೇಲೆ ಹೆಸರು ಕೆತ್ತಿದ್ದರು, ಅದರ ಪಕ್ಕದಲ್ಲಿ ನಿಂತು ಒಂಬತ್ತು ಕೋಟಿ ವರ್ಷದ ಮಾತಾಡುವಾಗ ನಮ್ಮ ಗೈಡ್‌ಗೆ ಗಂಟಲು ಕಟ್ಟುತ್ತದೆ. ಚಿಪ್ಪು, ಕಲ್ಲಿನ ತುಂಡು ಜೇಬಿಗೆ ಹಾಕಿಕೊಂಡರೂ ಮೆತ್ತಗೆ ವಾಪಸ್ ಇಡಿಸುತ್ತೇವೆ.

ಈಗಾಗಲೇ ಹತ್ತು ಗಂಟೆಗೆ ಅಂತ ಬುಕ್ ಮಾಡಿದವರಿಗೆ ಒಬ್ಬೊಬ್ಬರಿಗೂ ನಾವೇ ಫೋನ್ ಮಾಡುತ್ತೇವೆ. ಹೊಸ ಹೊತ್ತು ಹೊಂದಿದರೆ ಹಳೆಯ ದರದಲ್ಲೇ ಬನ್ನಿ. ಹೊಂದದಿದ್ದರೆ ಪೂರ್ತಿ ಹಣ ವಾಪಸ್, ಯಾವ ಕಡಿತವೂ ಇಲ್ಲ. ಬರುವವರು ಹಿಂದೆ ಪಟ್ಟಿ ಇರುವ, ಹಿಡಿತ ಚೆನ್ನಾಗಿರುವ ಚಪ್ಪಲಿ ಹಾಕಿಕೊಂಡು ಬನ್ನಿ, ಹವಾಯಿ ಚಪ್ಪಲಿ ಬೇಡ. ಟೋಪಿ, ಒಂದು ಬಾಟಲಿ ನೀರು ಇರಲಿ. ಅಜ್ಜ ಅಜ್ಜಿ ಜೊತೆಗಿದ್ದರೆ ಮೊದಲೇ ಹೇಳಿ, ಅವರಿಗೆ ಕೂರಲು ಮಡಚುವ ಕುರ್ಚಿ ತರುತ್ತೇವೆ.

ಮಲ್ಪೆ ಬಂದರಿನ ನಿಮ್ಮ ನಾಲ್ಕು ಜನ