‘ಅರಾಜಕತೆ’ಗೆ ಒತ್ತಕ್ಷರ ಇಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಮೂರನೇ ಪುಟದಲ್ಲಿ ‘ಬಸ್ ನಿಲ್ದಾಣದಲ್ಲಿ ಅರಾಜಕತೆ’ ಅಂತ ದಪ್ಪಕ್ಷರದ ತಲೆಬರಹ ಇತ್ತು. ಸುದ್ದಿ ಓದಿದೆ. ಮಳೆ ಬಂದಿದೆ, ಬಸ್ ತಡವಾಗಿದೆ, ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯೋ ವಿಷಯಕ್ಕೆ ಜಗಳ ಆಗಿದೆ. ಇಷ್ಟಕ್ಕೇ ಅರಾಜಕತೆ ಅನ್ನೋದು ಜಾಸ್ತಿ ಆಯ್ತು ಅಲ್ವಾ?

ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಗದುಗಿನ ಪ್ರೆಸ್ಸೊಂದರಲ್ಲಿ ಇಪ್ಪತ್ತೆರಡು ವರ್ಷ ಅಚ್ಚಿನ ಮೊಳೆ, ಅಂದ್ರೆ ಸೀಸದ ಅಕ್ಷರ, ಜೋಡಿಸಿದವನು ನಾನು. ‘ಅವ್ಯವಸ್ಥೆ’ ಜೋಡಿಸಬೇಕಂದ್ರೆ ಎರಡು ಒತ್ತು ಹುಡುಕಬೇಕು. ಒತ್ತಿನ ಮೊಳೆ ಸಣ್ಣವು, ಬೇಗ ಸವೆಯುತ್ತಿದ್ದವು, ಮೊಳೆ ಇಡುವ ಕೇಸಿನಲ್ಲಿ ಯಾವತ್ತೂ ಸಾಲುತ್ತಿರಲಿಲ್ಲ. ‘ಅರಾಜಕತೆ’ಗೆ ಒಂದೂ ಒತ್ತಿಲ್ಲ. ಐದೇ ಅಕ್ಷರ, ಸಾಲು ಜೋಡಿಸುವ ಸ್ಟಿಕ್ಕಿನಲ್ಲಿ ಸಲೀಸಾಗಿ ಕೂರುತ್ತಿತ್ತು. ಕೈಬರಹದ ಪ್ರತಿಯಲ್ಲಿ ಬೇರೆ ಶಬ್ದ ಇದ್ದರೂ ಒಂದೆರಡು ಸಲ ನಾನೇ ಇದನ್ನು ಕೂರಿಸಿದ್ದುಂಟು. ಯಾರೂ ಕೇಳಲಿಲ್ಲ.

ಆ ಶಬ್ದ ಹೊತ್ತು ಬದುಕಿದ ಜನರೂ ಇದ್ದರು ಅಂತ ಗೊತ್ತಾಗಿದ್ದು ಮುದುಕನಾದ ಮೇಲೆ. ಉಕ್ರೇನ್ ಯುದ್ಧದ ಸುದ್ದಿಯಲ್ಲಿ ಹುಲ್ಯಾಯ್‌ಪೋಲೆ ಅನ್ನುವ ಊರಿನ ಹೆಸರು ಬಂತು. ಎಲ್ಲಿದೆ ನೋಡಪ್ಪಾ ಅಂತ ಮೊಮ್ಮಗನಿಗೆ ಹೇಳಿದೆ. ಅವನು ಫೋನಿನಲ್ಲಿ ತೆಗೆದುಕೊಟ್ಟ, ನಾನು ಓದುತ್ತಾ ಹೋದೆ. ನೆಸ್ತೋರ್ ಮಖ್ನೋ ಹುಟ್ಟಿದ್ದು ಅಲ್ಲಿ, 1888ರಲ್ಲಿ, ಬಡ ರೈತರ ಮನೆಯಲ್ಲಿ. ಕೂಸಿದ್ದಾಗಲೇ ಅಪ್ಪ ತೀರಿಕೊಂಡ. ಹುಡುಗ ಊರಿನ ಅರಾಜಕವಾದಿಗಳ, ಅಂದ್ರೆ ಮೇಲೆ ಕೂತು ಆಳುವ ಸರ್ಕಾರವೇ ಬೇಡ ಅನ್ನುವವರ, ಗುಂಪು ಸೇರಿದ. 1910ರಲ್ಲಿ ಗಲ್ಲು ಶಿಕ್ಷೆ ಆಯ್ತು, ವಯಸ್ಸು ಸಣ್ಣದು ಅಂತ ಜೀವ ಉಳಿಯಿತು. ರಷ್ಯಾದ ಚಕ್ರವರ್ತಿಯನ್ನು ಇಳಿಸಿದ 1917ರ ಕ್ರಾಂತಿಯಲ್ಲಿ ಮಾಸ್ಕೋ ಜೈಲಿನಿಂದ ಹೊರಬಂದವನೇ ಊರಿಗೆ ಹೋಗಿ ರೈತರ ಸಂಘ ಕಟ್ಟಿದ. ಜಮೀನ್ದಾರರ ಹೊಲ ಹಂಚಿಸಿದ. ಮುಂದಿನ ವರ್ಷ ಜನ ಅವನನ್ನು ‘ಬಾತ್ಕೋ’ ಅಂತ ಕರೆದರು. ಅಂದ್ರೆ ಅಪ್ಪ. ಮೂವತ್ತೂ ತುಂಬಿರಲಿಲ್ಲ ಅವನಿಗೆ! ರಾಜನೇ ಬೇಡ ಅಂದವನನ್ನು ಜನ ಅಪ್ಪನನ್ನಾಗಿ ಮಾಡಿದರು.

ನಾನು ಬೆಟಗೇರಿಯವನು, ಮಗ್ಗದ ಸಪ್ಪಳದಲ್ಲೇ ಬೆಳೆದವನು. ಹಾಗಾಗಿ ಮಖ್ನೋ ಬರೆದ ನೆನಪುಗಳಲ್ಲಿ ಬರುವ ಬಟ್ಟೆಯ ಕಥೆ ತಲೆಯಲ್ಲಿ ಕೂತುಬಿಟ್ಟಿದೆ. ಕ್ರಾಂತಿಯ ಆ ಚಳಿಗಾಲ ಮಾಸ್ಕೋದ ಬಟ್ಟೆ ಗಿರಣಿಯವರಿಗೆ ಹೊಟ್ಟೆಗಿಲ್ಲ, ಹುಲ್ಯಾಯ್‌ಪೋಲೆಯವರಿಗೆ ಮೈಮೇಲೆ ಅರಿವೆ ಇಲ್ಲ. ಇಬ್ಬರೂ ಮಾತಾಡಿಕೊಂಡರು. ಇತ್ತಲಿಂದ ರೈಲು ಡಬ್ಬಿಗಳಲ್ಲಿ ಹಿಟ್ಟು ಹೋಯಿತು, ಅತ್ತಲಿಂದ ಬಟ್ಟೆ ಹೊರಟಿತು. ನಡುವೆ ದಲ್ಲಾಳಿ ಇಲ್ಲ, ರೊಕ್ಕ ಇಲ್ಲ. ದಾರಿಯಲ್ಲಿ ಹೊಸ ಸರ್ಕಾರದ, ಅಂದ್ರೆ ಲೆನಿನ್‌ನ ಬೋಲ್ಷೆವಿಕ್ ಪಕ್ಷದ, ಅಧಿಕಾರಿಗಳು ಬಟ್ಟೆ ತಡೆದರು, ನಮ್ಮನ್ನು ಕೇಳದೆ ನಿಮ್ಮನಿಮ್ಮಲ್ಲೇ ಹೇಗೆ ಕೊಟ್ಟು ತಗೊಂಡಿರಿ ಅಂತ. ರೈತರು ರೊಚ್ಚಿಗೆದ್ದ ಮೇಲೆ ಬಿಟ್ಟರು. ನಮ್ಮ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಮಾಡಿದವರು ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದರೇನೋ. ಅದು ಸರ್ಕಾರದ ಕಾಯ್ದೆಯಡಿ ಆದದ್ದು, ಹೋಲಿಕೆ ಪೂರ್ತಿ ಕೂಡುವುದಿಲ್ಲ, ಇರಲಿ.

ಮಖ್ನೋ ರೈತರ ಪಡೆಯನ್ನೂ ಕಟ್ಟಿದ, ಅದು ಸಾಧುಗಳದ್ದೇನಲ್ಲ. ಕುದುರೆ ಬಂಡಿ ಮೇಲೆ ಮೆಷಿನ್ ಗನ್ ಕೂರಿಸಿ 1919ರಲ್ಲಿ ಕ್ರಾಂತಿಯ ವಿರೋಧಿ ಜನರಲ್ ದೆನಿಕಿನ್‌ನ ಸೈನ್ಯವನ್ನು ಪೆರೆಗೊನೊವ್ಕಾ ಅನ್ನುವ ಹಳ್ಳಿಯಲ್ಲಿ ಮುರಿದವರು ಅವರೇ. ಅದೇ ವರ್ಷ ಮೆನ್ನೊನೈಟ್ ಅನ್ನುವ ಕ್ರೈಸ್ತ ಪಂಥದವರ ಊರುಗಳಿಗೆ ನುಗ್ಗಿ ಕೊಂದದ್ದೂ ಆಯಿತು. ಅದನ್ನು ಮುಚ್ಚಿಡಬಾರದು. ಆದರೆ ಊರು ಹಿಡಿದಾಗ ತಮಗೆ ಆಗದ ಪಕ್ಷಗಳ ಪತ್ರಿಕೆಗಳನ್ನೂ ಅಚ್ಚಾಗಲು ಬಿಟ್ಟರು. ಪ್ರೆಸ್ಸಿನವನಾಗಿ ನನಗೆ ಇದು ದೊಡ್ಡದು. 1920ರಲ್ಲಿ ಬೋಲ್ಷೆವಿಕರು ಇವರನ್ನು ಜೊತೆಗಿಟ್ಟುಕೊಂಡು ಕ್ರಾಂತಿಯ ಇನ್ನೊಬ್ಬ ವಿರೋಧಿ ಜನರಲ್ ರಾಂಗೆಲ್‌ನನ್ನು ಸೋಲಿಸಿದರು, ಗೆದ್ದ ತಿಂಗಳಲ್ಲೇ ಇವರ ಮೇಲೆ ತಿರುಗಿಬಿದ್ದರು. ಮಖ್ನೋ 1921ರಲ್ಲಿ ಗಡಿ ದಾಟಿದ. 1934ರಲ್ಲಿ ಪ್ಯಾರಿಸ್‌ನಲ್ಲಿ ಬಡತನದಲ್ಲೇ ತೀರಿಕೊಂಡ.

ಅರಾಜಕ ಅಂದ್ರೆ ರಾಜ ಇಲ್ಲದ್ದು. ಬಸ್ ನಿಲ್ದಾಣದಲ್ಲಿ ಇಲ್ಲದೇ ಇದ್ದದ್ದು ಬಸ್ಸು. ಈಗ ನಿಮ್ಮದು ಕಂಪ್ಯೂಟರ್, ಒತ್ತು ಸವೆಯುವ ಚಿಂತೆ ಇಲ್ಲ. ಆದರೂ ಜಾಗ ಸಾಲದು ಅಂದ್ರೆ ‘ಗೊಂದಲ’ ಹಾಕಿ. ಅದಕ್ಕೂ ಒತ್ತಿಲ್ಲ, ಎರಡು ಅಕ್ಷರ ಕಡಿಮೆ ಬೇರೆ.

– ಹಳೆಯ ಮೊಳೆ ಜೋಡಣೆಗಾರ, ಬೆಟಗೇರಿ, ಗದಗ