ನಲವತ್ತರ ನಂತರ ಟೈಲ್ಸ್ ಕೆಲಸ: ಮೊದಲು ಮಂಡಿ ಪ್ಯಾಡ್ ಕೊಳ್ಳಿ

ಮಾನ್ಯರೇ,

ನಲವತ್ತು ದಾಟಿ ಟೈಲ್ಸ್ ಕೆಲಸಕ್ಕೆ ಇಳಿಯುವವರು ಕೈ ಪಳಗೀತೇ ಎಂದು ಅಂಜುತ್ತಾರೆ. ಕೈ ಪಳಗುತ್ತದೆ, ಮೊದಲು ಸೋಲುವುದು ಮಂಡಿ, ಸೊಂಟ. ಎರಡಡಿ ವಿಟ್ರಿಫೈಡ್ ಟೈಲ್ಸಿನ ನಾಲ್ಕರ ಬಾಕ್ಸ್ 25 ಕೆ.ಜಿ. ಮೀರುತ್ತದೆ. ಅದನ್ನು ಇಡಿಯಾಗಿ ಎತ್ತದೆ, ಬಿಚ್ಚಿ ಎರಡೆರಡಾಗಿ ಸಾಗಿಸಿ. ಕಟರ್‌ಗಿಂತ ಮೊದಲು ಮಂಡಿ ಪ್ಯಾಡ್ ಕೊಳ್ಳಿ. ಕತ್ತರಿಸುವಾಗ ಏಳುವ ಸಿಲಿಕಾ ದೂಳಿಗೆ ಕರ್ಚೀಫು ಸಾಲದು, ಎನ್‌95 ಮಾಸ್ಕ್ ಬೇಕು.

ಹೊಸಬರು ಎಡವುವುದು ಟೈಲ್ಸಿನಡಿ ಉಳಿಯುವ ಟೊಳ್ಳಿನಲ್ಲಿ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ಶೇ 0.5ಕ್ಕಿಂತ ಕಡಿಮೆ, ಬರೀ ಸಿಮೆಂಟ್ ಹಾಲಿಗೆ (ನೀರಲ್ಲಿ ಕಲಸಿದ ತೆಳು ಸಿಮೆಂಟ್) ಅದು ಸರಿಯಾಗಿ ಹಿಡಿಯುವುದಿಲ್ಲ. ನೀರಲ್ಲಿ ನೆನೆಹಾಕುವ ಹಳೇ ಅಭ್ಯಾಸವೂ ಇದಕ್ಕೆ ವ್ಯರ್ಥ. ಮಟ್ಟ ಮಾಡಿ ಒಣಗಿದ ನೆಲವನ್ನು ಗುಡಿಸಿ, ಅಂಟು (ಅಡ್ಹೆಸಿವ್) ಹಾಕಿ, ಹಲ್ಲಿನ ಕರಣೆಯನ್ನು ಒಂದೇ ದಿಕ್ಕಿಗೆ ಎಳೆಯಿರಿ. ಟೈಲ್ಸಿನ ಬೆನ್ನಿಗೂ ತೆಳುವಾಗಿ ಸವರಿ. ಮೂಲೆಗೊಂದು ಮುದ್ದೆ ಇಟ್ಟು ಒತ್ತಿದರೆ ನಡುವೆ ಟೊಳ್ಳು ಉಳಿಯುತ್ತದೆ, ಬೀರುವಿನ ಕಾಲು ಊರಿದ ದಿನ ಬಿರುಕು. ಆರಂಭದಲ್ಲೇ ಒಂದನ್ನು ಕಿತ್ತು ಬೆನ್ನು ನೋಡಿ. ಅಂಟು ಎಲ್ಲೆಡೆ ತಾಗಿರದಿದ್ದರೆ ದೊಡ್ಡ ಹಲ್ಲಿನ ಕರಣೆ ಬಳಸಿ.

ಬಚ್ಚಲಿಗೆ ನಾಲ್ಕಡಿಗೆ ಅರ್ಧ ಇಂಚು ಇಳಿಜಾರು ಇರಲಿ. ಸಂದು ಕಾಣಬಾರದು ಎಂದು ಮನೆಯವರು ಹಟ ಹಿಡಿದರೂ 2 ಮಿ.ಮೀ. ಸ್ಪೇಸರ್ (ಸಂದು ಸಮನಾಗಿರಲು ಟೈಲ್ಸ್ ನಡುವೆ ಇಡುವ ತುಂಡು) ತಪ್ಪದೆ ಹಾಕಿ. ಸಾಮಾನು ಲೆಕ್ಕ ಹಾಕುವಾಗ ತುಂಡಿಗೆಂದು ಶೇ 5ರಿಂದ 10 ಹೆಚ್ಚು ಹೇಳಿ.

ಇನ್ನೊಂದು ಮಾತು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಗೆ ವಯಸ್ಸು 18ರಿಂದ 60. ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿರಬೇಕು. ಮೊದಲ ದಿನದಿಂದಲೇ ಹಾಜರಿ ಬರೆದಿಡಿ.

– ಟೈಲ್ಸ್ ಮೇಸ್ತ್ರಿಗಳು, ದಾವಣಗೆರೆ