ನಿರಾಶ್ರಿತರ ವಾಪಸಾತಿಗೆ ಟಿಕೆಟ್ ಒಂದೇ ಸಾಲದು

ಮಾನ್ಯ ಸಂಪಾದಕರೇ,

ತಮಿಳುನಾಡಿನ ಶಿಬಿರಗಳಲ್ಲಿರುವ ಶ್ರೀಲಂಕಾ ನಿರಾಶ್ರಿತರ ಮಾತು ಬಂದಾಗಲೆಲ್ಲ ‘ಯುದ್ಧ 2009ರಲ್ಲೇ ಮುಗಿಯಿತಲ್ಲ, ಇನ್ನೂ ಯಾಕೆ ಇಲ್ಲಿದ್ದಾರೆ?’ ಎಂದು ಕೇಳುವವರಿದ್ದಾರೆ. ಹೋಗಲು ಮನಸ್ಸಿದ್ದವರನ್ನೂ ತಡೆದು ನಿಲ್ಲಿಸಿರುವುದು ಬಹುಪಾಲು ಕಾಗದಪತ್ರ.

ಹೊರಡುವ ಕುಟುಂಬ ತನ್ನಿಚ್ಛೆಯಿಂದಲೇ ಹೋಗುತ್ತಿದೆ ಎಂಬುದನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಖಚಿತಪಡಿಸಿಕೊಳ್ಳಬೇಕು. ಹೆಚ್ಚಿನವರು ದೋಣಿಯಲ್ಲಿ ಬಂದವರು, ಪಾಸ್‌ಪೋರ್ಟ್ ಇಲ್ಲ. ಹಾಗಾಗಿ ಚೆನ್ನೈನಲ್ಲಿರುವ ಶ್ರೀಲಂಕಾ ಡೆಪ್ಯುಟಿ ಹೈಕಮಿಷನ್‌ನಿಂದ ತಾತ್ಕಾಲಿಕ ಪ್ರಯಾಣಪತ್ರ ಬೇಕು. ಆಮೇಲೆ ನಮ್ಮ ಸರ್ಕಾರದ ನಿರ್ಗಮನ ಪರವಾನಗಿ, ಅದಕ್ಕೆ ಪೊಲೀಸ್ ಪರಿಶೀಲನೆ. ಮನೆಯ ಐವರಲ್ಲಿ ಒಬ್ಬರ ಕಾಗದ ತಡವಾದರೂ ಐವರೂ ಕಾಯಬೇಕು.

ತಡವಾಗುವುದು ಹೆಚ್ಚಾಗಿ ಶಿಬಿರದಲ್ಲಿ ಹುಟ್ಟಿದ ಮಕ್ಕಳದು. 1987ರ ಜುಲೈ 1ರ ನಂತರ ಇಲ್ಲಿ ಹುಟ್ಟಿದ್ದರೂ ತಂದೆತಾಯಿಯಲ್ಲಿ ಯಾರೊಬ್ಬರೂ ಭಾರತೀಯರಲ್ಲದಿದ್ದರೆ ಭಾರತದ ಪೌರತ್ವ ಸಿಗುವುದಿಲ್ಲ. ಶ್ರೀಲಂಕಾದ ಪೌರತ್ವವೂ ತಾನಾಗಿ ಬರುವುದಿಲ್ಲ, ಜನನವನ್ನು ಆ ದೇಶದ ಕಚೇರಿಯಲ್ಲಿ ನೋಂದಾಯಿಸಬೇಕು. ಅದಕ್ಕೆ ತಂದೆತಾಯಿಯ ಜನನ, ಮದುವೆ ದಾಖಲೆ ಕೇಳುತ್ತಾರೆ. ದೇವಸ್ಥಾನದಲ್ಲಿ ತಾಳಿ ಕಟ್ಟಿ, ನೋಂದಣಿ ಮಾಡಿಸದೆ ಬಿಟ್ಟವರು ಇಲ್ಲೇ ಸಿಕ್ಕಿಕೊಳ್ಳುವುದು. ಸಾಲದ್ದಕ್ಕೆ ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಅದೇ ಹೆಸರು ಇಂಗ್ಲಿಷಿಗೆ ಇಳಿಯುವಾಗ ಒಂದು ದಾಖಲೆಯಲ್ಲಿ ಕನಕರಾಜ, ಇನ್ನೊಂದರಲ್ಲಿ ಕನಗರಾಜ. ಗುಮಾಸ್ತರ ಕಣ್ಣಿಗೆ ಅವರು ಇಬ್ಬರು.

ಇಷ್ಟೆಲ್ಲ ಮುಗಿಸಿ ಹೋದವರಿಗೆ ಅಲ್ಲಿ ಏನು ಕಾದಿದೆ? 2025ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದಲೇ ಜಾಫ್ನಾದ ಪಲಾಲಿಯಲ್ಲಿ ವಿಮಾನ ಇಳಿದ ವೃದ್ಧರೊಬ್ಬರನ್ನು ಬಂಧಿಸಲಾಯಿತು. ಯುದ್ಧಕಾಲದಲ್ಲಿ ದೇಶ ಬಿಡುವಾಗ ಅಧಿಕೃತ ನಿಲ್ದಾಣದಿಂದ ಹೊರಟಿರಲಿಲ್ಲ ಎಂಬುದೇ ಅಪರಾಧ! ಜೀವ ಉಳಿಸಿಕೊಳ್ಳಲು ರಾತ್ರೋರಾತ್ರಿ ದೋಣಿ ಹತ್ತಿದವರು ವಲಸೆ ಕೌಂಟರ್ ಹುಡುಕಿಕೊಂಡು ಹೋಗಬೇಕಿತ್ತೇ? ಆಮೇಲೆ ಬಿಟ್ಟರು ನಿಜ. ಆದರೆ ಆ ಸುದ್ದಿ ಶಿಬಿರಗಳನ್ನು ತಲುಪಿದ ಮೇಲೆ ‘ಧೈರ್ಯವಾಗಿ ಹೋಗಿ’ ಎಂದು ಯಾರು ಹೇಳಿಯಾರು? ವಿನಾಯಿತಿ ಕಾನೂನಿನಲ್ಲೇ ಇರಬೇಕು, ಸಚಿವರ ಬಾಯಿಮಾತಿನ ಭರವಸೆ ವಲಸೆ ಕೌಂಟರಿನಲ್ಲಿ ನಡೆಯುವುದಿಲ್ಲ.

ಜಮೀನಿನದು ಇನ್ನೊಂದು ಸಿಕ್ಕು. ಅಲ್ಲಿನ ಕಾನೂನಿನಂತೆ ಪರರ ನೆಲವನ್ನು 10 ವರ್ಷ ಅಡ್ಡಿಯಿಲ್ಲದೆ ಅನುಭವಿಸಿದವರು ಅದರ ಮೇಲೆ ಹಕ್ಕು ಸಾಧಿಸಬಹುದು. ಯುದ್ಧದಿಂದ ಊರು ಬಿಟ್ಟವರಿಗಾಗಿ ಆ ವರ್ಷಗಳನ್ನು ಲೆಕ್ಕದಿಂದ ಕೈಬಿಡುವ ವಿಶೇಷ ಕಾಯ್ದೆ 2016ರಲ್ಲಿ ಬಂತು, ಆದರೆ ಅದಕ್ಕಿದ್ದ ಗಡುವು ಎರಡೇ ವರ್ಷ. ತಮಿಳುನಾಡಿನ ಮಂಡಪಂ ಶಿಬಿರದಲ್ಲಿ ಕುಳಿತವರು ಅಷ್ಟರೊಳಗೆ ಜಾಫ್ನಾದಲ್ಲಿ ದಾವೆ ಹೂಡುವುದು ಹೇಗೆ?

ನಿರಾಶ್ರಿತರ ರಕ್ಷಣೆಯ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ರಾಜೀವ್ ಗಾಂಧಿ ಹತ್ಯೆಯ ಮರುವರ್ಷ, 1992ರಲ್ಲಿ, ಜನರನ್ನು ವಾಪಸು ಕಳಿಸತೊಡಗಿದಾಗ ಒತ್ತಾಯದ ಆರೋಪ ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿತು. ಅವರ ಒಪ್ಪಿಗೆ ನಿಜವೇ ಎಂದು ನೋಡಲು ವಿಶ್ವಸಂಸ್ಥೆಯ ಸಿಬ್ಬಂದಿಗೆ ಮದ್ರಾಸಿನಲ್ಲಿ ಅವಕಾಶ ಸಿಕ್ಕಿದ್ದೂ ಅದೇ ವರ್ಷ. ಆ ಪದ್ಧತಿಯನ್ನು ಸಡಿಲ ಬಿಡಬಾರದು. ಇನ್ನು, 2015ರ ಜನವರಿ 9ರೊಳಗೆ ಬಂದು ನೋಂದಾಯಿಸಿಕೊಂಡವರಿಗೆ ಕೇಂದ್ರ 2025ರಲ್ಲಿ ಕೊಟ್ಟ ವಿನಾಯಿತಿ ಪಾಸ್‌ಪೋರ್ಟ್, ವೀಸಾ ಇಲ್ಲದ್ದಕ್ಕೆ ಆಗುವ ಶಿಕ್ಷೆಯಿಂದ ಮಾತ್ರ. ಅದು ಪೌರತ್ವವಲ್ಲ.

ದೆಹಲಿ ಮತ್ತು ಕೊಲಂಬೊ ಲಿಖಿತ ಒಪ್ಪಂದ ಮಾಡಿಕೊಳ್ಳಲಿ. ಹಿಂದಿರುಗುವವರ ಮೇಲೆ ಅಕ್ರಮ ನಿರ್ಗಮನದ ಕೇಸು ಬೇಡ, ಮಕ್ಕಳ ನೋಂದಣಿ ಹೊರಡುವ ಮೊದಲೇ ಮುಗಿಯಲಿ, ಜಮೀನಿನ ದಾವೆಗೆ ಹೊಸ ಗಡುವು ಸಿಗಲಿ. ಅದಕ್ಕೂ ಮುಂಚೆ, ಮನೆಯಿಂದ ಒಬ್ಬರು ಹೋಗಿ ತಮ್ಮ ಊರು, ಬಾವಿ, ಬೇಲಿ ನೋಡಿಕೊಂಡು ಬರಲಿ, ವಾಪಸು ಬಂದಾಗ ಶಿಬಿರದ ಪಟ್ಟಿಯಲ್ಲಿ ಅವರ ಹೆಸರು ಹಾಗೇ ಇರಲಿ.

– ಒಬ್ಬ ಓದುಗ